ಕಿವಿ ನಾರ್ಮಲ್ ಅಂತಾರೆ, ಆದರೆ ಕೇಳಿಸಿಕೊಂಡೇ ಸುಸ್ತಾಗುತ್ತೆ. ಈ ಸುಸ್ತಿಗೆ ಅಳತೆ ಇದೆಯಾ?

ಕೌಂಟರ್ ಮೂರು, ತುಮಕೂರು:
ನಾನು ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ಕೂರುತ್ತೇನೆ. ವಯಸ್ಸು 47. ಮುಂದೆ ಗಾಜು, ಪಕ್ಕದಲ್ಲಿ ನೋಟು ಎಣಿಸುವ ಮಷೀನು, ತಲೆ ಮೇಲೆ ಟೋಕನ್ ಕೂಗುವ ಸ್ಪೀಕರ್. ಆಚೆಯಿಂದ ಒಬ್ಬರು ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ "ಎಪ್ಪತ್ತು ಸಾವಿರ" ಅನ್ನುತ್ತಾರೆ. ಎಪ್ಪತ್ತಾ, ಎಂಬತ್ತಾ? ತುಟಿ ನೋಡಿ, ಚಲನ್ ನೋಡಿ ಹೇಗೋ ಹಿಡಿಯುತ್ತೇನೆ. ಲೆಕ್ಕ ತಪ್ಪಿಲ್ಲ. ಆದರೆ ಸಂಜೆ ಮಗಳು "ಅಮ್ಮಾ" ಅಂದರೂ ಸಿಟ್ಟು ಬರುತ್ತೆ.

ಕಿವಿ ಪರೀಕ್ಷೆ ಮಾಡಿಸಿದೆ. ಸದ್ದೇ ಇಲ್ಲದ ಕೋಣೆಯಲ್ಲಿ 25 ಪದ ಕೇಳಿಸಿದರು. 25ನ್ನೂ ಸರಿ ಹೇಳಿದೆ. "ನಾರ್ಮಲ್, ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ" ಅಂದು ಕಳಿಸಿದರು. ಇದೆಲ್ಲ ಸುಮ್ನೆ ನನ್ನ ಭ್ರಮೆಯಾ?

ಕಿವಿಮಾತು:
ಭ್ರಮೆ ಅಲ್ಲ ಮೇಡಂ. ನಾನು ಆಡಿಯಾಲಜಿಸ್ಟ್, ಕಿವಿ ಎಷ್ಟು ಕೇಳಿಸುತ್ತೆ ಅಂತ ಪರೀಕ್ಷಿಸೋದು ನನ್ನ ಕೆಲಸ. 25ಕ್ಕೆ 25 ಅನ್ನೋದು ಎಷ್ಟು ಪದ ಸಿಕ್ಕಿತು ಅಂತ ಹೇಳುತ್ತದೆ, ಅದಕ್ಕೆ ತಲೆ ಎಷ್ಟು ದುಡಿಯಿತು ಅಂತ ಹೇಳೋದಿಲ್ಲ.

ದುಡಿಮೆ ಅಳೆಯೋಕೆ ಲ್ಯಾಬ್‌ಗಳಲ್ಲಿ ಕಣ್ಣು ನೋಡುತ್ತಾರೆ. ತಲೆಗೆ ಕೆಲಸ ಹೆಚ್ಚಾದಾಗ ಪಾಪೆ ಹಿಗ್ಗುತ್ತದೆ. 1966ರಲ್ಲಿ ಕಾನಮನ್ ಮತ್ತು ಬೀಟಿ ಎಂಬ ಮನಶ್ಶಾಸ್ತ್ರಜ್ಞರು ಅಂಕಿಗಳನ್ನು ನೆನಪಿಟ್ಟುಕೊಳ್ಳಲು ಹೇಳಿ ಇದನ್ನು ತೋರಿಸಿದರು. ಅಂಕಿ ಸೇರಿದಷ್ಟೂ ಪಾಪೆ ದೊಡ್ಡದಾಯಿತು. ಹಿಗ್ಗೋದು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಕೋಣೆಯ ಬೆಳಕು ಚೂರು ಬದಲಾದರೂ ಅಳತೆ ಕೆಟ್ಟಿತು. ಕಾಲೇಜಲ್ಲಿ ಓದುವಾಗ ನಾನೂ ಈ ಪರೀಕ್ಷೆಗೆ ಕೂತಿದ್ದೆ, ಗದ್ದ ಸ್ಟ್ಯಾಂಡ್ ಮೇಲಿಟ್ಟು, ಕಣ್ಣು ಮಿಟುಕಿಸೋಕೂ ಹೆದರಿಕೊಂಡು!

ನನಗೆ ಇಷ್ಟವಾದದ್ದು ಇದು: ಗದ್ದಲ ಜಾಸ್ತಿ ಮಾಡುತ್ತಾ ಹೋದರೆ ಪಾಪೆ ಹಿಗ್ಗುತ್ತಲೇ ಇರೋದಿಲ್ಲ. ಸುಮಾರು ಅರ್ಧ ಮಾತು ಅರ್ಥವಾಗುವ ಹಂತದಲ್ಲಿ ಅತಿ ದೊಡ್ಡದಿರುತ್ತದೆ. ಇನ್ನೂ ಗದ್ದಲ ಏರಿಸಿದರೆ ಕುಗ್ಗುತ್ತದೆ. ಯಾಕೆ ಅಂದರೆ, ಕೇಳುವವರು ಕೈ ಚೆಲ್ಲಿರುತ್ತಾರೆ. ಕೌಂಟರ್‌ನಲ್ಲಿ ನಿಮಗೆ ಆ ಸೌಲಭ್ಯ ಇಲ್ಲ, ಅಲ್ವಾ?

ಚಿಕ್ಕಪ್ಪನ ಮಷೀನು:
ಇಷ್ಟೆಲ್ಲ ಯಾಕೆ? ಹತ್ತಕ್ಕೆ ಎಷ್ಟು ಸುಸ್ತು ಅಂತ ಕೇಳಿಬಿಟ್ಟರೆ ಆಗಲ್ವಾ? ನಮ್ಮ ಚಿಕ್ಕಪ್ಪ ಹಿಯರಿಂಗ್ ಏಡ್ ಹಾಕ್ಕೊಂಡೂ ಮದುವೆ ಮನೆಯಲ್ಲಿ ಹತ್ತು ನಿಮಿಷಕ್ಕೆ ಆಚೆ ಹೋಗಿ ಕೂರುತ್ತಾರೆ. ಅಳತೆ ಅದೇ.

ಕಿವಿಮಾತು:
ಕೇಳ್ತೀವಿ ಸಾರ್. ತೊಂದರೆ ಏನಂದರೆ, ಎಷ್ಟು ಕಷ್ಟಪಟ್ಟಿರಿ ಅಂದರೆ ಹಲವರು ಎಷ್ಟು ಸರಿ ಹೇಳಿದೆ ಅನ್ನೋದನ್ನೇ ನೋಡಿಕೊಂಡು ಅಂಕ ಕೊಡುತ್ತಾರೆ. ಪಾಪೆ ಒಂದು ಹೇಳಿದರೆ ಬಾಯಿ ಇನ್ನೊಂದು ಹೇಳುತ್ತದೆ. ಯಾವುದು ನಿಜ ಅಂತ ನಮ್ಮಲ್ಲೇ ಜಗಳ ಇದೆ.

ಮೇಡಂ, ಇನ್ನೊಂದು ದಾರಿ ಎರಡು ಕೆಲಸ ಒಟ್ಟಿಗೆ ಕೊಡೋದು. ಕೇಳುತ್ತಾ ಕೈಯಲ್ಲಿ ಬೇರೇನೋ ಮಾಡಿ. ಕೇಳೋದಕ್ಕೆ ತಲೆ ಜಾಸ್ತಿ ಹೋದರೆ ಕೈ ನಿಧಾನವಾಗುತ್ತದೆ. ಗದ್ದಲ ಮಾತ್ರ ಇದ್ದಾಗಿನ ಲೆಕ್ಕವನ್ನೂ ಬೇರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗದ್ದಲಕ್ಕೇ ಕೈ ನಿಧಾನವಾಯಿತೋ ಏನೋ ಗೊತ್ತಾಗಲ್ಲ. ಮನೆಯಲ್ಲೇ ಮಾಡಿ ನೋಡಬಹುದು, ಆದರೆ ಮನೆಯಾಟ ನಿಜವಾದ ಪರೀಕ್ಷೆ ಆಗಲ್ಲ. ಗದ್ದಲದ ನಡುವೆ ಕನ್ನಡ ವಾಕ್ಯ ಕೇಳಿಸುವ ಪರೀಕ್ಷೆ ಇದೆ, ಅದನ್ನು ಮಾಡಿ ಅಂತ ಕೇಳಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಮೇಲೆ ಕೆಲಸ ಆಗಿದೆ.

ಕೌಂಟರ್ ಮೂರು, ತುಮಕೂರು:
ಭಾನುವಾರ ಮಾಡಿದೆ. ಅವರೆಕಾಯಿ ಸುಲಿಯುವ ಕೆಲಸ, ಒಂದು ಸಲಕ್ಕೆ ಮೂರು ನಿಮಿಷ. ಗದ್ದಲಕ್ಕೆ ಟಿವಿ ಚರ್ಚೆ, ನಾಲ್ಕು ಜನ ಒಟ್ಟಿಗೆ ಕಿರುಚುತ್ತಿದ್ದರು. ನಮ್ಮೆಜಮಾನ್ರು ಬಾಗಿಲ ಹತ್ತಿರ ನಿಂತು ಅಂಕಿ ಓದಿದರು, ನಾನು ತಿರುಗಿ ಹೇಳಬೇಕು. ಸುಮ್ಮನೆ ಸುಲಿದಾಗ 62 ಕಾಯಿ. ಟಿವಿ ಮಾತ್ರ ಇದ್ದಾಗ 60. ಟಿವಿ ಇಲ್ಲದೆ ಅಂಕಿ, 55. ಎರಡೂ ಸೇರಿದಾಗ 38.

ಅಂಕಿ ಮಾತ್ರ ಒಂದೂ ತಪ್ಪಿಲ್ಲ. ಅವರು ಪಟ್ಟಿ ಎರಡು ಸಲ ನೋಡಿ, "ನಿಂಗೆ ಎಲ್ಲಾ ಕೇಳಿಸುತ್ತಲ್ಲೇ" ಅಂದರು. ನಾನು ಸುಲಿಯದೆ ಉಳಿದ ಕಾಯಿ ಬುಟ್ಟಿಯನ್ನು ಅವರ ಮುಂದೆ ತಳ್ಳಿದೆ.