ತೊಡೆಸಂದಿನ ಹುಳುಕಡ್ಡಿಗೆ ಶಿಲೀಂಧ್ರನಾಶಕ ಪುಡಿಯೊಂದೇ ಸಾಕೇ?

ಪ್ರಶ್ನೆ:
ದಿನದ ಬಹುಭಾಗ ಮುಚ್ಚಿದ ಬೂಟು ಹಾಕಿಕೊಂಡು ನಿಂತೇ ಮಾಡುವ ಕೆಲಸ ನನ್ನದು. ತೊಡೆಸಂದಿನಲ್ಲಿ ಉಂಗುರದಂತಹ ಕೆಂಪು ಕಲೆ ಎದ್ದಿದೆ. ಅದರ ನಡುಭಾಗ ತಿಳಿಯಾಗುತ್ತಿದ್ದರೂ ಅಂಚು ಉಬ್ಬಿಕೊಂಡು ಹೊರಕ್ಕೆ ಹರಡುತ್ತಿದೆ. ಕಾಲ್ಬೆರಳುಗಳ ನಡುವೆಯೂ ಚರ್ಮ ಬೆಳ್ಳಗಾಗಿ ಸುಲಿಯುತ್ತಿದೆ. ಔಷಧಿ ಅಂಗಡಿಯಲ್ಲಿ ಕ್ಲೋಟ್ರಿಮಜೋಲ್ ಇರುವ ಪುಡಿ ಕೊಟ್ಟಿದ್ದಾರೆ. ಹಚ್ಚಿದಾಗ ತುರಿಕೆ ತಗ್ಗುತ್ತದೆ, ಆದರೆ ಕಲೆ ಮಾತ್ರ ಹೋಗುತ್ತಿಲ್ಲ. ಪುಡಿಯ ಪ್ರಮಾಣ ಹೆಚ್ಚಿಸಬೇಕೇ, ಅಥವಾ ಜೊತೆಗೆ ಮುಲಾಮನ್ನೂ ಬಳಸಬೇಕೇ? ತುರಿಕೆಗೆಂದು ಯಾರೋ ತಂದಿಟ್ಟ ಕ್ಲೋಬೆಟಸಾಲ್ ಬೆರೆತ ಟ್ಯೂಬೊಂದು ಮನೆಯಲ್ಲಿದೆ, ಅದನ್ನು ಹಚ್ಚಬಹುದೇ? ಮನೆಯಲ್ಲಿ ಕೈಗೂಸೂ ಇರುವುದರಿಂದ ಇದೇ ಪುಡಿ ಅದಕ್ಕೆ ಆಗುತ್ತದೆಯೇ ಎಂಬುದನ್ನೂ ತಿಳಿಸಿ.

ಉತ್ತರ 1:
ನಾನು ಫಾರ್ಮಸಿಸ್ಟ್. ನೀವು ಹೇಳಿದ ಲಕ್ಷಣಗಳು ಹುಳುಕಡ್ಡಿಗೆ ಹೊಂದುತ್ತವೆಯಾದರೂ ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾಗದು. ಹುಳುಕಡ್ಡಿಯೇ ಆಗಿದ್ದರೆ, ಪುಡಿಯ ಪ್ರಮಾಣ ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ಪುಡಿ ಚರ್ಮದ ಮೇಲ್ಮೈಯಲ್ಲಿ ಉಳಿದು ಬೆವರನ್ನು ಹೀರುತ್ತದೆ, ಉಜ್ಜಾಟವನ್ನು ತಗ್ಗಿಸುತ್ತದೆ, ಹೊಸದಾಗಿ ಶಿಲೀಂಧ್ರ ಬೇರೂರದಂತೆ ತಡೆಯಲು ನೆರವಾಗುತ್ತದೆ. ಆದರೆ ಈಗಾಗಲೇ ಚರ್ಮದ ಹೊರಪದರದಲ್ಲಿ ಬೆಳೆದು ಕುಳಿತ ಶಿಲೀಂಧ್ರಕ್ಕೆ ಔಷಧಿ ತಲುಪಬೇಕಾದರೆ ಮುಲಾಮೇ ಮೇಲು. ಆದ್ದರಿಂದ ಚಿಕಿತ್ಸೆಗೆ ಮುಲಾಮು, ಆ ಜಾಗವನ್ನು ಒಣಗಿರಿಸಲು ಪುಡಿ ಎಂದು ಕೆಲಸ ಹಂಚಿಬಿಡಿ.

ಎರಡನ್ನೂ ಒಂದೇ ಹೊತ್ತಿನಲ್ಲಿ ಒಂದರ ಮೇಲೊಂದು ಹಾಕಿದರೆ ಮುದ್ದೆಯಾಗಿ ಮಡಿಕೆಗಳಲ್ಲಿ ಅಂಟಿಕೊಂಡು ಚರ್ಮವನ್ನು ಕೆರಳಿಸುತ್ತದೆ. ತೊಳೆದು, ಒತ್ತಿ ಒರೆಸಿ, ಪೂರ್ತಿ ಆರಿದ ಮೇಲೆ ಮುಲಾಮನ್ನು ತೆಳುವಾಗಿ, ಕಲೆಯ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಆಚೆಯವರೆಗೂ ಸವರಿ, ಏಕೆಂದರೆ ಶಿಲೀಂಧ್ರ ಕಣ್ಣಿಗೆ ಕಾಣುವ ಗೆರೆಯ ಆಚೆಗೂ ಇರುತ್ತದೆ. ಅದು ಚರ್ಮದಲ್ಲಿ ಇಂಗಿದ ನಂತರ, ಹೊರಗೆ ಹೊರಡುವ ಮುನ್ನ, ಪುಡಿಯನ್ನು ಅಂಗೈಗೆ ಹಾಕಿಕೊಂಡು ಹಗುರವಾಗಿ ಹಚ್ಚಿ. ಡಬ್ಬಿಯಿಂದ ನೇರವಾಗಿ ಕೊಡವಿದರೆ ಅರ್ಧ ಗಾಳಿಗೆ ಹೋಗುತ್ತದೆ, ಉಳಿದದ್ದರಲ್ಲಿ ಒಂದಿಷ್ಟು ಮೂಗಿಗೆ.

ಅವಧಿಯ ವಿಷಯದಲ್ಲಿ ಬಹುಪಾಲು ಜನ ಸೋಲುತ್ತಾರೆ. ತುರಿಕೆ ಕೆಲವೇ ದಿನಗಳಲ್ಲಿ ನಿಲ್ಲುತ್ತದೆ, ಶಿಲೀಂಧ್ರ ಅಷ್ಟು ಬೇಗ ಸಾಯುವುದಿಲ್ಲ. ಕ್ಲೋಟ್ರಿಮಜೋಲ್, ಮೈಕೊನಜೋಲ್‌ನಂತಹ ಮುಲಾಮುಗಳನ್ನು ಸಾಮಾನ್ಯವಾಗಿ ದಿನಕ್ಕೆ 2 ಬಾರಿ, ತೊಡೆಸಂದಿಗೆ ಕನಿಷ್ಠ 2 ವಾರ, ಪಾದಕ್ಕೆ 4 ವಾರ ಹಚ್ಚಬೇಕಾಗುತ್ತದೆ. ಕಲೆ ಮಾಯವಾದ ಮೇಲೂ ಒಂದೆರಡು ವಾರ ಮುಂದುವರಿಸುವುದು ಒಳಿತು. ನಿಮ್ಮ ಪಾದ ಮತ್ತು ತೊಡೆಸಂದು ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಲಿ. ಪಾದದ ಸೋಂಕು ಒಳಉಡುಪು ಏರಿಸಿಕೊಳ್ಳುವಾಗ ಮೇಲಕ್ಕೆ ಬರುವುದು ತೀರಾ ಸಾಮಾನ್ಯ, ಆದ್ದರಿಂದ ಮೊದಲು ಕಾಲುಚೀಲ ತೊಟ್ಟು ಆಮೇಲೆ ಒಳಉಡುಪು ಹಾಕಿಕೊಳ್ಳಿ. ಪಾದಕ್ಕೆ ಬೇರೆ ಟವೆಲ್ ಇರಲಿ. ಬೂಟಿನ ಒಳಗೂ ಪುಡಿ ಉದುರಿಸಬಹುದು. ಎರಡು ಜೊತೆ ಬೂಟುಗಳಿದ್ದರೆ ಒಂದನ್ನು ಆರಲು ಬಿಟ್ಟು ಇನ್ನೊಂದನ್ನು ಹಾಕಿಕೊಳ್ಳುವುದು ಪುಡಿಗಿಂತಲೂ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅನಿಸಿಕೆ.

ಉತ್ತರ 2:
ಮೇಲಿನ ಉತ್ತರದಲ್ಲಿ ಕ್ಲೋಬೆಟಸಾಲ್ ವಿಷಯ ಬಿಟ್ಟುಹೋಗಿದೆ. ಚರ್ಮರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿರುವ ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಆ ಟ್ಯೂಬನ್ನು ದಯವಿಟ್ಟು ಮುಟ್ಟಬೇಡಿ. ಕ್ಲೋಬೆಟಸಾಲ್ ಬಹಳ ಪ್ರಬಲವಾದ ಸ್ಟೀರಾಯ್ಡ್. ಅದು ಉರಿಯೂತವನ್ನು ಅಡಗಿಸುವುದರಿಂದ ಕೆಂಪು, ತುರಿಕೆ ಎರಡೂ ತಕ್ಷಣ ಇಳಿದು ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ, ಆದರೆ ಚರ್ಮದ ಪ್ರತಿರೋಧ ಕುಗ್ಗಿದ್ದರಿಂದ ಶಿಲೀಂಧ್ರ ಒಳಗೊಳಗೇ ಹರಡುತ್ತಿರುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಉಂಗುರದ ಆಕಾರವೇ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುವುದುಂಟು. ತೊಡೆಸಂದಿನ ತೆಳು ಚರ್ಮ ಇನ್ನಷ್ಟು ತೆಳುವಾಗಿ ಅಲ್ಲಿ ಬೀಳುವ ಗೆರೆಗಳು ಆಮೇಲೆ ಹೋಗುವುದಿಲ್ಲ. ಶಿಲೀಂಧ್ರನಾಶಕ, ಪ್ರತಿಜೀವಕ, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಟ್ಯೂಬುಗಳಿಗೂ ಈ ಮಾತು ಅನ್ವಯಿಸುತ್ತದೆ. ಕೊಳ್ಳುವಾಗ ಹೆಸರಿಗಿಂತ ಕೆಳಗಿನ ಸಣ್ಣ ಅಕ್ಷರದ ಘಟಕಗಳ ಪಟ್ಟಿಯನ್ನು ಓದಿ.

ಆ ಪಟ್ಟಿ ಓದುವುದಕ್ಕೆ ಇನ್ನೊಂದು ಕಾರಣವಿದೆ. ಶಿಲೀಂಧ್ರನಾಶಕ ಪುಡಿಗಳೆಲ್ಲ ಒಂದೇ ಅಲ್ಲ. ನಿಸ್ಟಾಟಿನ್ ಪುಡಿ ಕ್ಯಾಂಡಿಡಾ ಎಂಬ ಯೀಸ್ಟಿಗೆ ಮಾತ್ರ, ಹುಳುಕಡ್ಡಿಗೆ ಅದು ನಾಟುವುದಿಲ್ಲ. ಟಾಲ್ನಾಫ್ಟೇಟ್ ಇದಕ್ಕೆ ತದ್ವಿರುದ್ಧ. ಕ್ಲೋಟ್ರಿಮಜೋಲ್ ಮತ್ತು ಮೈಕೊನಜೋಲ್ ಎರಡೂ ಬಗೆಗೆ ಕೆಲಸ ಮಾಡುತ್ತವೆ, ಹಾಗಾಗಿ ನಿಮ್ಮ ಬಳಿ ಇರುವುದು ಸರಿಯಾದದ್ದೇ. ಮಡಿಕೆಯ ಆಳದಲ್ಲಿ ಹಸಿಹಸಿಯಾದ ಕಡುಗೆಂಪು, ಸುತ್ತ ಚದುರಿದ ಸಣ್ಣ ಗುಳ್ಳೆಗಳು ಇದ್ದರೆ ಕ್ಯಾಂಡಿಡಾ ಇರಬಹುದು.

ಕೂಸಿಗೆ ಈ ಪುಡಿ ಬೇಡ. ಪುಡಿಯ ಸೂಕ್ಷ್ಮ ಕಣಗಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ ಎಳೆಯ ಮಕ್ಕಳಿಗೆ ಅಪಾಯ. ಕೂಸಿನ ಕೆಂಪು ಕಲೆಗಳಿಗೆ ಕಾರಣವೂ ಬೇರೆಯಿರಬಹುದು, ವೈದ್ಯರು ನೋಡಿಯೇ ಹೇಳಲಿ. ನೀವು ಹಚ್ಚಿಕೊಳ್ಳುವಾಗಲೂ ಕೂಸು ಪಕ್ಕದಲ್ಲಿರದಂತೆ ನೋಡಿಕೊಳ್ಳಿ, ಆಮೇಲೆ ಕೈ ತೊಳೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನನಗೆ ಸಕ್ಕರೆ ಕಾಯಿಲೆಯೂ ಇದೆ, ಮೊದಲೇ ಹೇಳಬೇಕಿತ್ತು. ಬೆರಳ ಸಂದಿನಲ್ಲಿ ಸಣ್ಣ ಬಿರುಕೊಂದು ಕಾಣುತ್ತಿದೆ. ಅಲ್ಲಿಗೆ ಪುಡಿ ಹಾಕಬಹುದೇ?

ಉತ್ತರ 2:
ಹಾಕಬೇಡಿ. ತೆರೆದ ಗಾಯದಲ್ಲಿ ಪುಡಿ ಗಟ್ಟಿಕಟ್ಟಿ ಕುಳಿತರೆ ಶುಚಿಗೊಳಿಸುವುದು ಕಷ್ಟ, ಗಾಯದ ಸ್ಥಿತಿಯೂ ಮುಚ್ಚಿಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು, ರಕ್ತಸಂಚಾರವೂ ಕುಂದಿರಬಹುದು. ಅಂಥ ಪಾದದಲ್ಲಿ ಬೆರಳ ಸಂದಿನ ಬಿರುಕು ಬ್ಯಾಕ್ಟೀರಿಯಾಗಳಿಗೆ ಬಾಗಿಲಾಗುತ್ತದೆ. ಈ ಮಾತು ತಿಳಿದ ಮೇಲೆ ನನ್ನ ಸಲಹೆ ಬದಲಾಗುತ್ತದೆ: ಮುಲಾಮಿನ ಅವಧಿ ಮುಗಿಯಲೆಂದು ಕಾಯದೆ ಈಗಲೇ ವೈದ್ಯರಿಗೆ ಪಾದ ತೋರಿಸಿ. ಪಾದ ಊದಿಕೊಂಡು ಬಿಸಿಯಾದರೆ, ಕೀವು ಕಂಡರೆ, ಕೆಂಪು ಮೇಲಕ್ಕೆ ಹರಡಿದರೆ ಅಥವಾ ಜ್ವರ ಬಂದರೆ ಅದೇ ದಿನ ಹೋಗಿ.

ಉತ್ತರ 1:
ಒಪ್ಪುತ್ತೇನೆ. ವೈದ್ಯರು ಅಂಚಿನ ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಇದೆಯೋ ಇಲ್ಲವೋ ತಿಳಿಯುತ್ತದೆ. ತೊಡೆಸಂದಿನ ಕಂದುಗೆಂಪು ಕಲೆ ಕೆಲವೊಮ್ಮೆ ಬ್ಯಾಕ್ಟೀರಿಯಾದಿಂದಲೂ ಬರುವುದರಿಂದ ಈ ಪರೀಕ್ಷೆಗೆ ಬೆಲೆಯಿದೆ. ಉಗುರು ದಪ್ಪಗಾಗಿ ಹಳದಿ ತಿರುಗಿದ್ದರೆ ಅದನ್ನೂ ತೋರಿಸಿ, ಉಗುರಿನೊಳಗಿನ ಶಿಲೀಂಧ್ರಕ್ಕೆ ಪುಡಿಯಾಗಲಿ ಮುಲಾಮಾಗಲಿ ಸಾಕಾಗುವುದಿಲ್ಲ, ಮತ್ತು ಅದು ಉಳಿದರೆ ಪಾದಕ್ಕೆ ಸೋಂಕು ಮತ್ತೆ ಮತ್ತೆ ತಗಲುತ್ತಿರುತ್ತದೆ. ಮಾತ್ರೆ ಬರೆದುಕೊಟ್ಟರೆ ನೀವು ಈಗ ಸೇವಿಸುತ್ತಿರುವ ಔಷಧಿಗಳೆಲ್ಲದರ ಹೆಸರನ್ನೂ ಅವರಿಗೆ ಹೇಳಿ, ಶಿಲೀಂಧ್ರನಾಶಕ ಮಾತ್ರೆಗಳಲ್ಲಿ ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳ ಪರಿಣಾಮವನ್ನು ಹೆಚ್ಚಿಸಿ ರಕ್ತದ ಸಕ್ಕರೆಯನ್ನು ವಿಪರೀತ ಇಳಿಸಬಲ್ಲವು.