ಹೊಕ್ಕುಳಬಳ್ಳಿಯ ರಕ್ತ: ಬ್ಯಾಂಕಿನಲ್ಲಿ ಇಡುವುದೋ, ಮಗುವಿಗೇ ಬಿಡುವುದೋ?

ಪ್ರಶ್ನೆ: ಸಪ್ತಾಪುರದವಳು, ಧಾರವಾಡ

ನನಗೆ ಈಗ ಮೂವತ್ತನಾಲ್ಕನೆಯ ವಾರ. ಚೊಚ್ಚಲು. ಸಹಕಾರಿ ಬ್ಯಾಂಕೊಂದರ ಠೇವಣಿ ವಿಭಾಗದಲ್ಲಿ ಗುಮಾಸ್ತೆಯಾಗಿದ್ದೇನೆ. ಹಾಗಾಗಿ ಯಾರಾದರೂ ‘ಬ್ಯಾಂಕು’ ಎಂದ ಕೂಡಲೇ ಅರ್ಜಿಯ ಹಿಂಬದಿಯ ಸಣ್ಣ ಅಕ್ಷರ ಓದುವ ಚಾಳಿ.

ಎರಡು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಸ್ಕ್ಯಾನಿಂಗ್ ಮುಗಿಸಿ ಕುಳಿತಿದ್ದಾಗ ಟೈ ಕಟ್ಟಿದ ಹುಡುಗನೊಬ್ಬ ಬಂದ. ನನ್ನ ಪಕ್ಕದಲ್ಲಿ ಕೂರಲಿಲ್ಲ, ಅತ್ತೆಯ ಪಕ್ಕದಲ್ಲಿ ಕುಳಿತ. ಅಲ್ಲೇ ಅವನ ಜಾಣತನ ಗೊತ್ತಾಯಿತು. “ಮೊಮ್ಮಗುವಿಗೆ ಬಂಗಾರ ಹಾಕುತ್ತೀರಿ ಅಮ್ಮ, ಬಂಗಾರವನ್ನು ಕಳ್ಳರು ಒಯ್ಯಬಹುದು, ಇದನ್ನು ಒಯ್ಯಲಾರರು” ಎಂದ. ಹೆರಿಗೆಯಾದ ತಕ್ಷಣ ಹೊಕ್ಕುಳಬಳ್ಳಿಯ ರಕ್ತ ತೆಗೆದು ಎಪ್ಪತ್ತೈದು ವರ್ಷ ತಂಪಿನಲ್ಲಿ ಇಡುತ್ತಾರಂತೆ, ಮುಂದೆ ಮಗುವಿಗೆ ಕ್ಯಾನ್ಸರ್ ಬಂದರೂ ಅದೇ ಔಷಧವಂತೆ. ಐವತ್ತೆಂಟು ಸಾವಿರ, ಕಂತಿನಲ್ಲಿ ಕಟ್ಟಬಹುದು. ಚಿಗರಿ ಬಸ್ಸು ಉಣಕಲ್ ಕೆರೆ ದಾಟುವುದರೊಳಗೆ ಅತ್ತೆ ತೀರ್ಮಾನಿಸಿಬಿಟ್ಟಿದ್ದರು. ಕುಬಸದ ದಿನ ಎರಡು ಸಾವಿರ ಮುಂಗಡವೂ ಹೋಯಿತು. ಈಗ ಅಲಮಾರಿಯ ಮೇಲೆ ಥರ್ಮೋಕೋಲ್ ಪೆಟ್ಟಿಗೆಯೊಂದು ಕುಳಿತಿದೆ. ಒಳಗೆ ರಕ್ತದಾನದ ಚೀಲದಂಥ ಚೀಲ, ಉದ್ದ ಸೂಜಿ, ಬಾರ್‌ಕೋಡ್ ಚೀಟಿಗಳು.

ಷರತ್ತು ಹದಿನೇಳಿವೆ. ಅದರಲ್ಲಿ ಒಂದರ ಪ್ರಕಾರ, ಸಂಗ್ರಹಿಸಿದ್ದು ಕೆಟ್ಟರೆ ಕಂಪನಿಯ ಹೊಣೆ ನಾವು ಕಟ್ಟಿದ ಹಣದಷ್ಟೇ. ಇಂಥ ಠೇವಣಿಯನ್ನು ನಮ್ಮ ಶಾಖೆಯಲ್ಲಿ ಮಾರಿದರೆ ಗ್ರಾಹಕರು ನನ್ನನ್ನು ಕೌಂಟರಿನಿಂದ ಆಚೆ ಎಳೆಯುತ್ತಾರೆ.

ಇತ್ತ ತವರು ಅಣ್ಣಿಗೇರಿ. ಅವ್ವ ಹೇಳುವುದೇ ಬೇರೆ. ಅವಳ ಆಯಿ ಸೂಲಗಿತ್ತಿಯಾಗಿದ್ದಳು, ಮಾಸು ಬೀಳುವ ತನಕ ಹೊಕ್ಕುಳು ಕೊಯ್ಯುತ್ತಿರಲಿಲ್ಲವಂತೆ. ನಮ್ಮ ಓಣಿಯ ಆಶಾ ಕಾರ್ಯಕರ್ತೆಯೂ ಈಗ ಬಳ್ಳಿಯನ್ನು ಸ್ವಲ್ಪ ಹೊತ್ತು ತಡೆದು ಕತ್ತರಿಸುತ್ತಾರೆ, ಮಗುವಿಗೆ ರಕ್ತ ಹೋಗಲಿ ಎಂದು, ಎನ್ನುತ್ತಾಳೆ. ಹಾಗಾದರೆ ಚೀಲಕ್ಕೆ ಉಳಿಯುವುದೇನು? ಆ ಹುಡುಗನನ್ನು ಕೇಳಿದರೆ “ಎರಡೂ ಆಗುತ್ತದೆ ಮೇಡಂ” ಎಂದ. ಎರಡೂ ಆಗುತ್ತದೆ ಎಂದವರ ಸಾಲದ ಅರ್ಜಿಗಳನ್ನು ನಾನು ಬಹಳ ನೋಡಿದ್ದೇನೆ. ಗೊತ್ತಿದ್ದವರು ಹೇಳಿ.

ಉತ್ತರ: ಗೋಕುಲ ರಸ್ತೆ, ಹುಬ್ಬಳ್ಳಿ

ನಾನು ಕಟ್ಟಿದವನು. 2019ರಲ್ಲಿ, ಮೊದಲ ಮಗಳಿಗೆ. ತಿಂಗಳ ಮೇಲೆ ಒಂದು ಪ್ರಮಾಣಪತ್ರ ಬಂತು, ಚೌಕಟ್ಟು ಹಾಕಿಸುವಷ್ಟು ಚೆಂದ. ಅದರಲ್ಲಿ ‘ಪ್ರಮಾಣ 48 ಮಿಲಿ’ ಎಂದಿತ್ತು, ಕೆಳಗೆ ಜೀವಕೋಶಗಳ ಲೆಕ್ಕ. ಇಷ್ಟು ಸಾಕೇ, ಅವಳು ಐವತ್ತು ಕೆಜಿ ಆದ ಮೇಲೂ ಸಾಲುತ್ತದೆಯೇ ಎಂದು ಫೋನಿನಲ್ಲಿ ಕೇಳಿದೆ. ಬಳ್ಳಿಯ ರಕ್ತದಲ್ಲಿ ಹೊಸ ರಕ್ತ ಹುಟ್ಟಿಸುವ ಕೋಶಗಳಿರುತ್ತವೆ, ರೋಗಿಗೆ ಕಸಿ ಮಾಡುವುದು ಅವನ್ನೇ. ಕಸಿಗೆ ಬೇಕಾಗುವ ಕೋಶಗಳು ರೋಗಿಯ ತೂಕದ ಲೆಕ್ಕದಲ್ಲಿ, ಹೀಗಾಗಿ ಒಂದೇ ಚೀಲ ದೊಡ್ಡವರಿಗೆ ಬಹಳ ಸಲ ಸಾಲುವುದಿಲ್ಲ ಎಂಬುದು ಆಮೇಲೆ ಓದಿ ತಿಳಿದದ್ದು. ಫೋನಿನಲ್ಲಿ ಸಿಕ್ಕ ಉತ್ತರ: “ಅಷ್ಟರೊಳಗೆ ತಂತ್ರಜ್ಞಾನ ಬೆಳೆದಿರುತ್ತದೆ ಸರ್.” ಎರಡನೆಯ ಮಗುವಿಗೆ ಕಟ್ಟಲಿಲ್ಲ. ಆ ಹುಡುಗ ಮಾತ್ರ ಆಗಲೂ ಬಂದಿದ್ದ, ಟೈ ಬೇರೆ.

ಉತ್ತರ: ನಿವೃತ್ತ ಸಿಸ್ಟರ್, ಗದಗ

ಹೆಸರು ಗೊತ್ತಿಲ್ಲ, ತಂಗಿ ಎಂದೇ ಕರೆಯುತ್ತೇನೆ. ರೋಣ, ಮುಂಡರಗಿ, ಗದಗ ಎಂದು ಮೂವತ್ತೊಂದು ವರ್ಷ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ನಿಂತವಳು ನಾನು. ತರಬೇತಿಯಲ್ಲಿ ನಮಗೆ ಕಲಿಸಿದ್ದು ಹೀಗೆ: ಮಗು ಹೊರಬಂದ ಕೂಡಲೇ ಬಳ್ಳಿಗೆ ಎರಡು ಕಡೆ ಆರ್ಟರಿ ಫೋರ್ಸೆಪ್ಸ್ ಎಂಬ ಬಿಗಿ ಇಕ್ಕಳ, ನಡುವೆ ಕತ್ತರಿ. ತಡಮಾಡಿದರೆ ಹಿರಿಯ ಸಿಸ್ಟರ್ ಬಯ್ಯುತ್ತಿದ್ದರು. ಬೇಗ ಕತ್ತರಿಸುವವಳೇ ಚುರುಕು ಎಂಬ ಲೆಕ್ಕ, ನಾನು ಬಹಳ ಚುರುಕಾಗಿದ್ದೆ.

ಒಮ್ಮೆ ಒಂದೇ ಹೊತ್ತಿಗೆ ಇಬ್ಬರು ಹೆತ್ತರು. ಇದ್ದವಳು ನಾನೊಬ್ಬಳೇ. ಒಂದು ಮಗುವನ್ನು ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ, ಬಟ್ಟೆ ಹೊದಿಸಿ, ಬಳ್ಳಿಯನ್ನು ಹಾಗೆಯೇ ಬಿಟ್ಟು ಪಕ್ಕದ ಮೇಜಿಗೆ ಓಡಿದೆ. ತಿರುಗಿ ಬಂದು ನೋಡಿದಾಗ ಅದು ನಾನು ದಿನವೂ ಕತ್ತರಿಸುತ್ತಿದ್ದ ಬಳ್ಳಿಯೇ ಅಲ್ಲ. ಆಗತಾನೇ ಬಂದ ಬಳ್ಳಿ ನೀಲಿಯಾಗಿ, ದಪ್ಪಗೆ, ಒದ್ದೆ ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಎರಡು ಬೆರಳಿನಲ್ಲಿ ಮೆಲ್ಲಗೆ ಹಿಡಿದರೆ ಮಗುವಿನ ಎದೆಬಡಿತ ಅಲ್ಲೇ ಸಿಗುತ್ತದೆ. ಇದು ಬೆಳ್ಳಗಾಗಿ, ನೀರು ಬರುವುದು ನಿಂತ ಪೈಪಿನಂತೆ ಚಪ್ಪಟೆಯಾಗಿ ಜೋತುಬಿದ್ದಿತ್ತು, ಬಡಿತವೂ ಇಲ್ಲ. ಮಗು ಕೆಂಪಗೆ, ಬಾಯಿ ತೆರೆದು ಎದೆ ಹುಡುಕುತ್ತಿತ್ತು. ಬಳ್ಳಿಯಲ್ಲಿದ್ದದ್ದು ಎಲ್ಲಿಗೆ ಹೋಯಿತು ಎಂದು ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ.

ಈಗ ಅದಕ್ಕೆ ಲೆಕ್ಕವಿದೆ. ದಿನ ತುಂಬಿದ ಮಗುವಿಗೆ ಮೊದಲ ನಿಮಿಷದಲ್ಲೇ ಸುಮಾರು 80 ಮಿಲಿ, ಮೂರು ನಿಮಿಷಕ್ಕೆ ಸುಮಾರು 100 ಮಿಲಿ ರಕ್ತ ಮಾಸಿನಿಂದ ಹರಿದು ಬರುತ್ತದೆ. ಸಣ್ಣ ಲೋಟದ ಒಂದು ಚಹಾದಷ್ಟು, ಇಷ್ಟೇ ಅಲ್ಲವೇ ಎನ್ನಬೇಡ. ಮೂರು ಕೆಜಿ ಮಗುವಿನ ಮೈಯಲ್ಲಿ ಇರುವ ರಕ್ತವೇ ಕಾಲು ಲೀಟರ್ ಆಸುಪಾಸು. ಆ ರಕ್ತದ ಜೊತೆಗೆ ಬರುವ ಕಬ್ಬಿಣಾಂಶ ಮುಂದಿನ ಆರು ತಿಂಗಳು ಕೈ ಹಿಡಿಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ. ಅಂಗನವಾಡಿಗೆ ಹೋಗಿ ಕಬ್ಬಿಣದ ಸಿರಪ್ ಕುಡಿಸುತ್ತೇವೆ, ಮಕ್ಕಳು ನಮ್ಮ ಸೀರೆಯ ಮೇಲೆಯೇ ಉಗುಳುತ್ತವೆ. ಹುಟ್ಟುವಾಗ ಬಿಟ್ಟಿಯಾಗಿ ಬರುವುದನ್ನು ನಾವೇ ಕತ್ತರಿಸಿ ಬಕೆಟ್ಟಿಗೆ ಹಾಕುತ್ತಿದ್ದೆವು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ: ಒಂದು ನಿಮಿಷಕ್ಕಿಂತ ಮೊದಲು ಕತ್ತರಿಸಬೇಡಿ, ಒಂದರಿಂದ ಮೂರು ನಿಮಿಷ ಕಾಯಿರಿ. ದಿನ ತುಂಬದ ಮಗುವಿಗಂತೂ ಈ ಕಾಯುವಿಕೆ ಜೀವ ಉಳಿಸುವ ಸಂಗತಿ.

ಇನ್ನು ನಿನ್ನ ಪ್ರಶ್ನೆ. ನಳ ಒಂದೇ, ಕೊಡ ಎರಡು. ವಾರಕ್ಕೊಮ್ಮೆ ನಳದ ದಾರಿ ಕಾಯುವ ಊರಿನವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೊದಲ ಕೊಡ ತುಂಬಿದ ಮೇಲೆ ಎರಡನೆಯದಕ್ಕೆ ಹನಿಯಷ್ಟೇ. ಮೂರು ನಿಮಿಷ ಕಾದರೆ ಆ ಚೀಲಕ್ಕೆ ಸಿಗುವುದು ಕಡಿಮೆ, ಬಹಳ ಸಲ ಕಸಿಗೆ ಸಾಲದಷ್ಟು. ಅದಕ್ಕೇ ಚೀಲ ತುಂಬಿಸಲು ಬಂದವರ ಕಣ್ಣು ಕತ್ತರಿಯ ಮೇಲೆಯೇ ಇರುತ್ತದೆ. ಅಂಥ ಹುಡುಗಿಯೊಬ್ಬಳು ನನ್ನ ಹಿಂದೆ ನಿಂತು “ಸಿಸ್ಟರ್, ಹೆಪ್ಪುಗಟ್ಟಿಬಿಡುತ್ತದೆ” ಎಂದು ಪಿಸುಗುಟ್ಟಿದ್ದು ಇನ್ನೂ ಕಿವಿಯಲ್ಲಿದೆ. ಹೊರಗೆ ಕಳಿಸಿದೆ.

ಕಾಯಲಾಗದ ಸಂದರ್ಭಗಳೂ ಉಂಟು. ಒರೆಸಿ, ಬೆನ್ನು ಸವರಿದ ಮೇಲೂ ಮಗು ಉಸಿರಾಡದಿದ್ದರೆ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬುಬ್ಯಾಗ್ ಹಿಡಿಯಬೇಕಾದರೆ, ತಾಯಿಗೆ ವಿಪರೀತ ರಕ್ತಸ್ರಾವವಾದರೆ ಕತ್ತರಿಸಲೇಬೇಕು. ಆಗ ಗಡಿಯಾರ ತೋರಿಸಿ ಡಾಕ್ಟರ ಜೊತೆ ವಾದಕ್ಕಿಳಿಯಬೇಡ. ಇನ್ನೊಂದು, ತಡೆದು ಕತ್ತರಿಸಿದ ಮಕ್ಕಳಲ್ಲಿ ಕಾಮಾಲೆ ಸ್ವಲ್ಪ ಹೆಚ್ಚು, ಕೆಲವಕ್ಕೆ ನೀಲಿ ದೀಪದ ಕೆಳಗೆ ಮಲಗಿಸಬೇಕಾಗುತ್ತದೆ. ಮೂರನೆಯ, ನಾಲ್ಕನೆಯ ದಿನ ಬೆಳಕಿನಲ್ಲಿ ನೋಡಿಸು.

ನಿಮ್ಮ ಮುತ್ತಜ್ಜಿಯ ಪದ್ಧತಿ ಅಷ್ಟರಮಟ್ಟಿಗೆ ಸರಿ. ಆದರೆ ಅವಳು ಕೊಯ್ದದ್ದು ಯಾವುದರಿಂದ ಎಂದು ಅವ್ವನನ್ನು ಕೇಳು. ಕುಡಗೋಲಿನಿಂದ ಕೊಯ್ದು ಬೂದಿ ಹಚ್ಚಿದ ಹೊಕ್ಕುಳುಗಳನ್ನೂ, ಆಮೇಲೆ ಧನುರ್ವಾಯುವಿನಲ್ಲಿ ಬಿಲ್ಲಿನಂತೆ ಬಾಗಿದ ಕೂಸುಗಳನ್ನೂ ನಾನು ನೋಡಿದ್ದೇನೆ. 2015ರಲ್ಲಿ ನಮ್ಮ ದೇಶ ನವಜಾತ ಶಿಶುಗಳ ಧನುರ್ವಾಯುವನ್ನು ತೊಲಗಿಸಿತು ಎಂದು ಘೋಷಣೆಯಾದಾಗ ನಾವು ನಾಲ್ವರು ಸಿಸ್ಟರ್‌ಗಳು ಡ್ಯೂಟಿ ಕೋಣೆಯಲ್ಲಿ ಪೇಡೆ ಹಂಚಿಕೊಂಡೆವು. ಹೊಕ್ಕುಳಿಗೆ ಎಣ್ಣೆ, ಅರಿಸಿನ ಏನೂ ಬೇಡ. ಒಣಗಿ ತಾನಾಗಿಯೇ ಬೀಳುತ್ತದೆ.

ಉತ್ತರ: ರಾಣೆಬೆನ್ನೂರಿನ ಅಪ್ಪ

ಸಿಸ್ಟರ್ ಹೇಳಿದ್ದು ಸರಿ, ಆದರೆ ಇನ್ನೊಂದು ಮಗ್ಗುಲೂ ಇದೆ. ನನ್ನ ಹಿರಿಯ ಮಗನಿಗೆ ತಲಸ್ಸೀಮಿಯಾ, ವಂಶದಿಂದ ಬರುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲು ಹುಬ್ಬಳ್ಳಿಗೆ ಹೋಗುತ್ತೇವೆ, ನಸುಕಿನ ರೈಲಿನ ಟಿಕೆಟ್ ಪರೀಕ್ಷಕರಿಗೂ ಅವನ ಹೆಸರು ಗೊತ್ತು. ಇಂಥ ಮನೆಯಲ್ಲಿ ಮತ್ತೊಂದು ಮಗು ಹುಟ್ಟುವಾಗ ಬಳ್ಳಿಯ ರಕ್ತ ತೆಗೆದಿಡಿ ಎಂದು ವೈದ್ಯರೇ ಹೇಳುತ್ತಾರೆ, ನಮಗೂ ಹೇಳಿದರು. ಆದರೆ ಅದು ಹುಟ್ಟುವ ಮಗುವಿಗಲ್ಲ, ಅಣ್ಣನಿಗೆ. 1988ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೊದಲ ಕಸಿಯೂ ಹಾಗೆಯೇ: ಫ್ಯಾಂಕೋನಿ ರಕ್ತಹೀನತೆ ಎಂಬ, ಇದೂ ವಂಶದಿಂದಲೇ ಬರುವ, ಕಾಯಿಲೆಯಿದ್ದ ಐದು ವರ್ಷದ ಹುಡುಗನಿಗೆ ಅವನ ತಂಗಿಯ ಬಳ್ಳಿಯ ರಕ್ತ. ನನ್ನ ಮಗನದೇ ರಕ್ತವನ್ನು ಅವನು ಹುಟ್ಟಿದಾಗ ಕೂಡಿಟ್ಟಿದ್ದರೂ ಪ್ರಯೋಜನವಿರಲಿಲ್ಲ, ರೋಗ ತಂದ ವಂಶವಾಹಿ ಅದರಲ್ಲೂ ಇರುತ್ತಿತ್ತು. ಕೆಟ್ಟ ಬೀಜವನ್ನೇ ಕಣಜದಲ್ಲಿ ಇಟ್ಟು ಅದನ್ನೇ ಮರಳಿ ಬಿತ್ತಿದಂತೆ.

ಮಗಳು ಹುಟ್ಟಿದಳು, ಅವಳಿಗೆ ರೋಗವಿಲ್ಲ. ಒಡಹುಟ್ಟಿದವರ ನಡುವೆ ಪೂರ್ತಿ ಹೊಂದಿಕೆಯಾಗುವುದು ನಾಲ್ಕರಲ್ಲಿ ಒಂದು ಪಾಲು. ನಮಗೆ ಹೊಂದಲಿಲ್ಲ. ವರದಿ ಬಂದ ದಿನ ನಾನು ಅಂಗಡಿ ತೆರೆಯಲಿಲ್ಲ. ಹೊಂದಿದ್ದರೂ ಮುಂದೆ ಅವಳ ಅಸ್ಥಿಮಜ್ಜೆಯಿಂದಲೇ ಕಸಿ ಮಾಡಬಹುದಿತ್ತು ಎಂದರು ಡಾಕ್ಟರು, ಚೀಲವೊಂದೇ ದಾರಿಯಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯನ್ನು ಅದೇ ಡಾಕ್ಟರು ತೋರಿಸಿದರು. ಮನೆಯಲ್ಲಿ ಇಂಥ ರೋಗಿ ಇಲ್ಲದಿದ್ದರೆ, ಮುಂದೆ ಸ್ವಂತಕ್ಕೆ ಬೇಕಾದೀತೆಂದು ಕೂಡಿಡಲು ವೈಜ್ಞಾನಿಕ ಆಧಾರವಿಲ್ಲ ಎಂದು ಅದರಲ್ಲಿದೆ. ತನ್ನದೇ ರಕ್ತ ತನಗೇ ಬೇಕಾಗುವ ಸಂಭವ ಮೊದಲ ಇಪ್ಪತ್ತು ವರ್ಷಗಳಲ್ಲಿ 2,500ಕ್ಕೆ ಒಂದರಿಂದ ಎರಡು ಲಕ್ಷಕ್ಕೆ ಒಂದು. ನಿಮ್ಮ ಮನೆಗಳಲ್ಲಿ ರಕ್ತದ ಕಾಯಿಲೆ ಯಾರಿಗೂ ಇಲ್ಲವಾದರೆ ಆ ಪೆಟ್ಟಿಗೆ ಮರಳಿಸಿ. ಇದ್ದರೆ ಏಜೆಂಟನನ್ನು ಬಿಟ್ಟು ರಕ್ತರೋಗ ತಜ್ಞರನ್ನು ಕಾಣಿರಿ.

ಪ್ರಶ್ನೆ ಕೇಳಿದವಳು

ಅಣ್ಣ, ನಿಮ್ಮ ಮಗನ ವಿಷಯ ಓದಿ ಬಹಳ ಹೊತ್ತು ಏನೂ ಬರೆಯಲಾಗಲಿಲ್ಲ. ಎರಡೂ ಮನೆಯಲ್ಲಿ ವಿಚಾರಿಸಿದೆ, ಅಂಥದ್ದೇನೂ ಇಲ್ಲ. ಸಿಸ್ಟರ್, ನನ್ನ ಹಿಮೋಗ್ಲೋಬಿನ್ 9.8 ಇದೆ. ಕೊನೆಗೆ ಸಿಸೇರಿಯನ್ ಆದರೆ ಕಾಯುತ್ತಾರೆಯೇ?

ಉತ್ತರ: ನಿವೃತ್ತ ಸಿಸ್ಟರ್, ಗದಗ

ಸಿಸೇರಿಯನ್‌ನಲ್ಲೂ ಕಾಯಬಹುದು, ಒಂದು ನಿಮಿಷವಾದರೂ. ಆದರೆ ಮೇಜಿನ ಮೇಲೆ ಮಲಗಿ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ, ಈಗಲೇ ತಾಯಿ ಕಾರ್ಡಿನಲ್ಲಿ ಬರೆಸಿಕೋ. 9.8 ಇರುವವಳ ಮಗುವಿಗೆ ಆ ರಕ್ತ ಇನ್ನೂ ಬೇಕು. ಮಾತ್ರೆಯನ್ನು ಚಹಾದ ಜೊತೆ ನುಂಗುತ್ತಿದ್ದೀಯಾ? ಬಿಡು. ಚಹಾದ ಜೊತೆ ನುಂಗಿದರೆ ಮಾತ್ರೆಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೋ.

ಪ್ರಶ್ನೆ ಕೇಳಿದವಳು, ಏಳು ವಾರದ ನಂತರ

ಹೆಣ್ಣು ಮಗು. 2.9 ಕೆಜಿ. ಬೆಳಗಿನ ಜಾವ ಸಹಜ ಹೆರಿಗೆ.

ಹೆರಿಗೆ ಕೋಣೆಯ ಗೋಡೆ ಗಡಿಯಾರ ನಿಂತಿತ್ತು. ಇಷ್ಟೆಲ್ಲ ಓದಿ, ಕಾರ್ಡಿನಲ್ಲಿ ಬರೆಸಿ, ಕೊನೆಗೆ ನಿಂತ ಗಡಿಯಾರ! ಸಿಸ್ಟರ್ ನಕ್ಕು ತಮ್ಮ ಕೈಗಡಿಯಾರ ನೋಡಿಕೊಂಡರು. ಮಗುವನ್ನು ನನ್ನ ಹೊಟ್ಟೆಯ ಮೇಲೆ ಮಲಗಿಸಿದರು, ಬಿಸಿಯಾಗಿ, ಜಾರುತ್ತ. ನಾನು ಬಳ್ಳಿಯನ್ನೇ ನೋಡುತ್ತಿದ್ದೆ, ಗದಗದ ಸಿಸ್ಟರ್ ಬರೆದ ಹಾಗೆಯೇ ನೀಲಿ ಮೆಲ್ಲಗೆ ಇಳಿದು ಬಿಳಿಯಾಯಿತು. ಎರಡು ನಿಮಿಷ ಹತ್ತು ಸೆಕೆಂಡಿಗೆ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಕತ್ತರಿಸಿದರು. ನಾಲ್ಕನೆಯ ದಿನ ಕಣ್ಣು ಹಳದಿ ಕಂಡಿತು, ಒಂದೂವರೆ ದಿನ ನೀಲಿ ದೀಪ. ಅತ್ತೆ ಆ ಒಂದೂವರೆ ದಿನ ನನ್ನ ಜೊತೆ ಮಾತನಾಡಲಿಲ್ಲ. ಈಗ ಆಡುತ್ತಿದ್ದಾರೆ.

ಮುಂಗಡ ಮರಳಿ ಕೇಳಿದೆ. ‘ಮರುಪಾವತಿ ಇಲ್ಲ’ ಎಂದು ರಸೀದಿಯ ಮೇಲೆಯೇ ಇದೆಯಂತೆ. ತೆಗೆದು ನೋಡಿದೆ, ಹೌದು, ದಪ್ಪ ಅಕ್ಷರದಲ್ಲಿದೆ. ಹಿಂಬದಿಯ ಹದಿನೇಳು ಷರತ್ತು ಓದಿದವಳು ಮುಂಬದಿಯನ್ನೇ ಓದಿರಲಿಲ್ಲ. ಪೆಟ್ಟಿಗೆ ಒಯ್ಯಲು ಬರುತ್ತೇವೆಂದು ಎರಡು ಸಲ ಫೋನ್ ಮಾಡಿದವರು ಇನ್ನೂ ಬಂದಿಲ್ಲ. ಚೀಲ, ಸೂಜಿ ಒಂದು ಕವರಿನಲ್ಲಿ ಕಟ್ಟಿಟ್ಟಿದ್ದೇನೆ. ಥರ್ಮೋಕೋಲ್ ಡಬ್ಬಿಗೆ ಇರುವೆ ಹತ್ತುವುದಿಲ್ಲವೆಂದು ಅವ್ವ ಅದರಲ್ಲಿ ಅಂಟಿನ ಉಂಡೆ ತುಂಬಿದ್ದಾಳೆ.