ಸಹಾಯ ಬೇಕು: ಸೆಮ್ಯಾಂಟಿಕ್ ರಿಲೀಸ್‌ನಿಂದ ತಪ್ಪು ಆವೃತ್ತಿ ಸಂಖ್ಯೆ

ನಮಸ್ಕಾರ. ಅಂಕಿಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಡುವ ಪುಟ್ಟ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಕೋಡ್ ಹಂಚುವ ತಾಣ) ಪ್ಯಾಕೇಜೊಂದನ್ನು ನಾನು ನೋಡಿಕೊಳ್ಳುತ್ತಿದ್ದು, ಅದರ ಬಿಡುಗಡೆ, ಆವೃತ್ತಿ ಸಂಖ್ಯೆ, ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ಮೂರನ್ನೂ, ಕಮಿಟ್ (ಕೋಡ್ ಬದಲಾವಣೆಯ ದಾಖಲೆ) ಸಂದೇಶಗಳನ್ನು ಓದಿ ತಾನೇ ನಿರ್ಧರಿಸುವ ಸೆಮ್ಯಾಂಟಿಕ್ ರಿಲೀಸ್ ಎಂಬ ಸಾಧನಕ್ಕೆ ವಹಿಸಿದ್ದೇನೆ. ಕಮಿಟ್ ಸಂದೇಶ ‘ಫಿಕ್ಸ್’ ಎಂದು ಆರಂಭವಾದರೆ ಕೊನೆಯ ಅಂಕಿ, ‘ಫೀಟ್’ ಎಂದಾದರೆ ನಡುವಿನ ಅಂಕಿ ಏರುತ್ತದೆ. ಮೊದಲ ಅಂಕಿ ಏರಲು ಸಂದೇಶದ ಕೊನೆಯಲ್ಲಿ ‘ಬ್ರೇಕಿಂಗ್ ಚೇಂಜ್’ ಎಂಬ ಸಾಲಿರಬೇಕು. ಕಳೆದ ವಾರ ಹಳೆಯ ಫಂಕ್ಷನ್ ಒಂದನ್ನು ತೆಗೆದುಹಾಕಿದ ಪುಲ್ ರಿಕ್ವೆಸ್ಟನ್ನು (ಬದಲಾವಣೆ ಸೇರಿಸುವ ಕೋರಿಕೆ) ಸ್ಕ್ವಾಶ್ ಮಾಡಿ, ಅಂದರೆ ಅದರ ಕಮಿಟ್‌ಗಳನ್ನೆಲ್ಲ ಒಂದಾಗಿಸಿ, ವಿಲೀನಗೊಳಿಸುವಾಗ ಆ ಸಾಲು ಅಳಿಸಿಹೋಗಿ, ಶೀರ್ಷಿಕೆಯ ‘ಫಿಕ್ಸ್’ ಮಾತ್ರ ಉಳಿದು, 2.0.0 ಆಗಬೇಕಿದ್ದುದು 1.4.3 ಆಗಿ ಹೊರಬಿತ್ತು. ಕ್ಯಾರೆಟ್ (^) ಗುರುತಿಟ್ಟು, ಅಂದರೆ ಮೊದಲ ಅಂಕಿ ಬದಲಾಗದ ಹೊಸ ಆವೃತ್ತಿಗಳು ತಾವಾಗಿಯೇ ಬರುವಂತೆ ಮಾಡಿಕೊಂಡು, ನಮ್ಮ ಪ್ಯಾಕೇಜನ್ನು ನಂಬಿದ್ದವರ ಬಿಲ್ಡ್‌ಗಳು ಅದೇ ರಾತ್ರಿ ಕೆಟ್ಟವು; ಇದು ಮರುಕಳಿಸಬಾರದೆಂಬುದೇ ನನ್ನ ಕಾಳಜಿ. ಶೀರ್ಷಿಕೆಯನ್ನು ಕಮಿಟ್‌ಲಿಂಟ್ ಎಂಬ ಸಂದೇಶ ಪರೀಕ್ಷಕ ಸಾಧನದಿಂದ ಪರೀಕ್ಷಿಸಿದರೆ ಸಾಲದು, ಏಕೆಂದರೆ ಅದು ಬರಹದ ರೂಪವನ್ನಷ್ಟೇ ನೋಡುತ್ತದೆ. ಹೊರಗೆ ಕಾಣುವ ಫಂಕ್ಷನ್‌ಗಳ ಪಟ್ಟಿಯನ್ನು ಹಿಂದಿನ ಬಿಡುಗಡೆಯ ಟ್ಯಾಗ್‌ನೊಂದಿಗೆ (ಗುರುತು) ಹೋಲಿಸಿ ವಿಲೀನವನ್ನು ತಡೆಯುವ ವ್ಯವಸ್ಥೆ ಮಾಡಿಕೊಂಡವರು ಇದ್ದರೆ, ದಯವಿಟ್ಟು ತಮ್ಮ ವರ್ಕ್‌ಫ್ಲೋ ಕಡತವನ್ನು ಹಂಚಿಕೊಳ್ಳಬೇಕಾಗಿ ವಿನಂತಿ.